ನೆರೆಯವರ ಅಕ್ಷರ

2025ನೆಯ ಇಸವಿಯ ಮೇ ತಿಂಗಳಲ್ಲಿ ತಮಿಳು ಚಲನಚಿತ್ರರಂಗದ ಹೆಸರಾಂತ ನಟರೊಬ್ಬರು ಕನ್ನಡವು ತಮಿಳಿನಿಂದ ಹುಟ್ಟಿತೆಂಬ ಅರ್ಥದ ಮಾತನ್ನಾಡಿದುದನ್ನೂ, ಅದರಿಂದ ನಮ್ಮ ನಾಡಿನಲ್ಲಿ ಎದ್ದ ಕೋಲಾಹಲವನ್ನೂ ವಾಚಕರು ಮರೆತಿರಲಾರರು. ಆ ಮಾತು ಶಾಸ್ತ್ರಸಮ್ಮತವಾದುದಲ್ಲ. 1816ರಲ್ಲಿ ಮದರಾಸಿನ ಅಧಿಕಾರಿಯಾಗಿದ್ದ ಎಲ್ಲಿಸ್ ಮಹಾಶಯನೂ, 1856ರಲ್ಲಿ ಕಾಲ್ಡ್‌ವೆಲ್ ಪಂಡಿತನೂ ದಕ್ಷಿಣದೇಶದ ಭಾಷೆಗಳು ಒಂದೇ ಕುಲಕ್ಕೆ ಸೇರಿದವುಗಳೆಂದು ತೋರಿಸಿಕೊಟ್ಟರು. ಆಮೇಲಿನ ವಿದ್ವಾಂಸರು ಅವುಗಳನ್ನು ಒಂದು ಮೂಲದಿಂದ ಕವಲೊಡೆದ ಸೋದರಿಯರೆಂದೇ ಎಣಿಸಿರುವರಲ್ಲದೆ ತಾಯಿಮಕ್ಕಳೆಂದು ಎಣಿಸಿಲ್ಲ. ಅಂದು ಪ್ರತಿಭಟಿಸಿದವರ ಅಭಿಮಾನವನ್ನು ನಾವು ಹಳಿಯುವವರಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಕಾರ್ಯಾಲಯಕ್ಕೆ ಬಂದ ಪತ್ರಗಳ ಕಟ್ಟನ್ನು ಓದುತ್ತಿರುವಾಗ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ತಮಿಳಿನ ವಿಷಯವಾಗಿ ಇಷ್ಟು ಖಂಡಿತವಾಗಿ ಬರೆದಿರುವ ಈ ಮಹನೀಯರಲ್ಲಿ ತಮಿಳಿನ ಒಂದಕ್ಷರವನ್ನಾದರೂ ಓದಬಲ್ಲವರು ಎಷ್ಟು ಮಂದಿ? ನೆರೆಮನೆಯವನೊಡನೆ ವ್ಯಾಜ್ಯಕ್ಕೆ ನಿಲ್ಲುವವನು ಅವನ ಪತ್ರವನ್ನು ಓದಬಲ್ಲವನಾಗಿರಬೇಡವೆ?

ಈ ಪ್ರಶ್ನೆಯನ್ನು ಇತರರಿಗೆ ಹಾಕುವ ಮುನ್ನ ನಮ್ಮ ತಪ್ಪನ್ನು ನಾವು ಒಪ್ಪಿಕೊಳ್ಳತಕ್ಕದ್ದು. ಪಾಠಶಾಲೆಯಲ್ಲಿ ನಮಗೆ ಕನ್ನಡವನ್ನೂ ನಾಗರಿಯನ್ನೂ ಕಲಿಸಿದರು. ಮೆಟ್ರಿಕ್ಯುಲೇಶನ್ನಿಗೆ ಇಂಗ್ಲಿಷನ್ನು ಕಲಿತೆವು. ನಮ್ಮ ಗಡಿಗೆ ಅಂಟಿಕೊಂಡಿರುವ ಭಾಷೆಯ ಲಿಪಿಯನ್ನು ಯಾರೂ ಕಲಿಸಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಅಚ್ಚುಕೂಟದಲ್ಲಿ ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಸೇಲಂ ಕಡೆಯ ವೃದ್ಧರೊಬ್ಬರು ಅಕ್ಷರ ಜೋಡಿಸುವ ಕೆಲಸಕ್ಕೆ ಬಂದರು. ರಾತ್ರಿಯ ಕೆಲಸ ಮುಗಿದ ಬಳಿಕ, ಹಾಳಾದ ಕರಡು ಕಾಗದದ ಬೆನ್ನಿನ ಮೇಲೆ ಅವರು ನಮಗೆ ತಮಿಳಿನ ಅಕ್ಷರಗಳನ್ನು ಬರೆದು ತೋರಿಸಿದರು. ಮೂರು ವಾರಗಳಲ್ಲಿ ಅಂಗಡಿಯ ಹಲಗೆಗಳನ್ನೂ, ಮೂರು ತಿಂಗಳಲ್ಲಿ ವೃತ್ತಪತ್ರಿಕೆಯ ತಲೆಬರೆಹಗಳನ್ನೂ ಓದುವಂತಾದೆವು. ಅಂದಿನಿಂದ ತಮಿಳು ಲಿಪಿಯ ಚರಿತ್ರೆಯನ್ನು ಕುರಿತು ದೊರೆತುದನ್ನೆಲ್ಲ ಓದುತ್ತ ಬಂದಿದ್ದೇವೆ. ಅದರ ಸಾರವನ್ನು ಇಂದು ವಾಚಕರ ಮುಂದಿಡುವುದು ಪಾಂಡಿತ್ಯ ಪ್ರದರ್ಶನಕ್ಕಲ್ಲ. ಭಾಷಾಭಿಮಾನವೆಂದರೆ ಏನೆಂಬುದಕ್ಕೆ ಆ ಚರಿತ್ರೆಯಲ್ಲಿ ನಮಗೂ ಒಂದು ಪಾಠವುಂಟೆಂಬುದಕ್ಕಾಗಿ.

ಮೊದಲು ಆ ಭಾಷೆಯ ಹೆಸರನ್ನೇ ನೋಡೋಣ. ನಾವು ತಮಿಳು ಎಂದು ಬರೆಯುತ್ತೇವೆ. ಆ ನಾಡಿನವರು ಕೊನೆಯಲ್ಲಿ ಉಚ್ಚರಿಸುವುದು ನಮ್ಮ ಳಕಾರವನ್ನಲ್ಲ, ಹಳಗನ್ನಡದ ೞಕಾರವನ್ನು. ಅವರ ಬಾಯಲ್ಲಿ ಅದು ತಮಿೞ್. ಈ ಅಕ್ಷರವು ಒಂದು ಕಾಲಕ್ಕೆ ನಮ್ಮದೂ ಆಗಿತ್ತು. ಇಂದಿನ ಬಾಳು ಅಂದು ಬಾೞ್ ಆಗಿತ್ತು. ತಮಿಳಿನಲ್ಲಿ ಇಂದಿಗೂ ಅದು ವಾೞ್. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆಯುವಾಗ ಯಾವ ಶಬ್ದಗಳಲ್ಲಿ ೞಕಾರವಿದೆಯೆಂದು ಪಟ್ಟಿಮಾಡಿ ಹೇಳಬೇಕಾಯಿತು. ಅಂದರೆ ಜನರ ನಾಲಗೆಯಲ್ಲಿ ಆ ಧ್ವನಿಯು ಅಳಿಯತೊಡಗಿತ್ತು. ನಾವು ಕಳೆದುಕೊಂಡ ೞ, ಱ ಎಂಬ ಎರಡು ಅಕ್ಷರಗಳನ್ನು ನೆರೆಯವರು ಇಂದಿಗೂ ಬರೆಯುತ್ತಿದ್ದಾರೆ. ಹಳಗನ್ನಡವನ್ನು ಓದಬಯಸುವ ಕನ್ನಡಿಗನಿಗೆ ಇದೊಂದು ಸಂಗತಿಯೇ ತಮಿಳು ಕಲಿಯಲು ಸಾಕಾದ ಕಾರಣವಾಗಬೇಕು.

ತಮಿಳಿನದು ಬಡ ಅಕ್ಷರಮಾಲೆಯೆಂದು ನಮ್ಮವರು ಆಗಾಗ ಹಾಸ್ಯಮಾಡುವುದುಂಟು. ಹನ್ನೆರಡು ಸ್ವರಗಳು, ಹದಿನೆಂಟು ವ್ಯಂಜನಗಳು, ಇವೆರಡೂ ಕೂಡಿ ಆಗುವ 216 ಗುಣಿತಾಕ್ಷರಗಳು, ಆಯ್ದಂ ಎಂಬ ಒಂದು ವಿಶೇಷಾಕ್ಷರ, ಹೀಗೆ ಒಟ್ಟು 247 ಎಂದು ಅವರ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಆದರೆ ಕ, ಖ, ಗ, ಘ ಎಂಬ ನಾಲ್ಕಕ್ಕೂ ಅಲ್ಲಿ ಒಂದೇ ಅಕ್ಷರವಿರುವುದು ನಮಗೆ ಕೊರತೆಯಾಗಿ ತೋರುತ್ತದೆ. ವಿಚಾರಿಸಿ ನೋಡಿದರೆ ಇದು ಕೊರತೆಯಲ್ಲ. ಮಗ, ಮಕ್ಕಳು ಎಂಬ ಎರಡು ಶಬ್ದಗಳನ್ನು ತೆಗೆದುಕೊಳ್ಳಿರಿ. ಇವು ತಮಿಳಿನಲ್ಲಿಯೂ ಉಂಟು. ಅಲ್ಲಿ ಎರಡನ್ನೂ ಒಂದೇ ಕಕಾರದಿಂದ ಬರೆಯುತ್ತಾರೆ. ಸ್ವರಗಳ ನಡುವೆ ಒಂಟಿಯಾಗಿ ಬಂದಾಗ ಅದು ಮೃದುವಾಗುತ್ತದೆ. ಇಮ್ಮಡಿಯಾದಾಗ ಅಥವಾ ಶಬ್ದದ ಮೊದಲಲ್ಲಿದ್ದಾಗ ಕಠಿಣವಾಗುತ್ತದೆ. ಅನುನಾಸಿಕದ ಮುಂದೆ ಮತ್ತೆ ಮೃದುವಾಗುತ್ತದೆ. ಟಕಾರಕ್ಕೂ ಇದೇ ನಿಯಮ: ಪಟ್ಟಂ ಎಂಬಲ್ಲಿ ಟ, ಕಡಲ್ ಎಂಬಲ್ಲಿ ಡ. ನಿಯಮವು ಓದುಗನ ನಾಲಗೆಯಲ್ಲಿಯೇ ಇರುವಾಗ ಅದಕ್ಕೆ ಬೇರೊಂದು ಅಕ್ಷರವೇಕೆ? ತಮ್ಮ ಭಾಷೆಯ ಗುಣವನ್ನು ಚೆನ್ನಾಗಿ ಅರಿತವರು ಮಾಡಿದ ಮಿತವ್ಯಯವಿದು.

ಈ ಮಿತವ್ಯಯಕ್ಕೆ ತೊಡಕು ಬರುವುದು ಹೊರಗಿನ ಶಬ್ದಗಳಲ್ಲಿ. ಮಹಾತ್ಮರ ಹೆಸರಾದ ಗಾಂಧಿಯೂ, ಬೆಳಕೆಂಬ ಅರ್ಥದ ಕಾಂತಿಯೂ ತಮಿಳಿನಲ್ಲಿ ಒಂದೇ ರೂಪದಿಂದ ಬರೆಯಲ್ಪಡುತ್ತವೆ. ಸಂದರ್ಭ ನೋಡಿ ಓದಿಕೊಳ್ಳಬೇಕು. ಸಂಸ್ಕೃತದ ಕೆಲವು ಧ್ವನಿಗಳಿಗೋಸ್ಕರ ಗ್ರಂಥಲಿಪಿಯಿಂದ ಜ, ಷ, ಸ, ಹ, ಕ್ಷ ಎಂಬ ಅಕ್ಷರಗಳನ್ನು ಎರವಲು ತಂದುಕೊಂಡಿದ್ದಾರೆ. ಇವುಗಳನ್ನು ಬಳಸಬಹುದೆ, ಬಾರದೆ ಎಂಬ ಚರ್ಚೆಯು 1916ರಲ್ಲಿ ಮರೈಮಲೈ ಅಡಿಗಳ್ ಅವರಿಂದ ಆರಂಭವಾದ ಶುದ್ಧತಮಿಳಿನ ಚಳವಳಿಯ ಕಾಲದಿಂದಲೂ ಅಲ್ಲಿ ನಡೆದಿದೆ. ಅದು ಅವರ ಮನೆಯ ಮಾತು. ನಾವು ತೀರ್ಪು ಹೇಳಬೇಕಾದುದಿಲ್ಲ.

ಇನ್ನು ಪ್ರಾಚೀನತೆಯ ಮಾತು. ಮಧುರೆಯ ಸಮೀಪದ ಮಾಂಗುಳಂ ಎಂಬಲ್ಲಿ ಗುಡ್ಡದ ಗವಿಗಳಲ್ಲಿ ಜೈನ ಮುನಿಗಳು ಮಲಗಲು ಕೊರೆದ ಕಲ್ಲುಹಾಸಿಗೆಗಳಿವೆ. ಅವುಗಳ ಬಳಿ ಬ್ರಾಹ್ಮೀಲಿಪಿಯ ಶಾಸನಗಳಿವೆ. 1882ರಲ್ಲಿ ರಾಬರ್ಟ್ ಸೀವೆಲ್ ಎಂಬ ಅಧಿಕಾರಿಯು ಇವುಗಳನ್ನು ಮೊದಲು ಗುರುತಿಸಿದನು. ಗುರುತಿಸಿದರೂ ಬಹುಕಾಲ ಯಾರಿಗೂ ಅರ್ಥವಾಗಲಿಲ್ಲ. ಬ್ರಾಹ್ಮಿಯಾದುದರಿಂದ ಭಾಷೆ ಪ್ರಾಕೃತವೇ ಇರಬೇಕೆಂದು ಪಂಡಿತರು ತಿಳಿದಿದ್ದರು. ಮಸ್ಕಿಯ ಅಶೋಕಶಾಸನವನ್ನು 1915ರಲ್ಲಿ ಪ್ರಕಟಿಸಿ ಕೀರ್ತಿವಂತರಾದ ನಮ್ಮ ಹೊಸಕೋಟೆ ಕೃಷ್ಣಶಾಸ್ತ್ರಿಗಳು 1919ರಲ್ಲಿ ಪುಣೆಯ ಪ್ರಾಚ್ಯವಿದ್ಯಾ ಸಮ್ಮೇಳನದಲ್ಲಿ ಈ ಗವಿಶಾಸನಗಳನ್ನು ಕುರಿತು ಪ್ರಬಂಧವನ್ನೋದಿ ವಿದ್ವಾಂಸರ ಗಮನವನ್ನು ಸೆಳೆದರು. 1924ರಲ್ಲಿ ಕೆ. ವಿ. ಸುಬ್ರಹ್ಮಣ್ಯ ಅಯ್ಯರ್ ಅವರು ಅಲ್ಲಿ ಉತ್ತರದ ಬ್ರಾಹ್ಮಿಯಲ್ಲಿಲ್ಲದ ನಾಲ್ಕು ಅಕ್ಷರಗಳಿರುವುದನ್ನು ಕಂಡುಹಿಡಿದರು. ಅವು ಯಾವುವು? ೞ, ಳ, ಱ ಮತ್ತು ತಮಿಳಿನ ಎರಡನೆಯ ನಕಾರ. ಈ ಧ್ವನಿಗಳಿರುವ ಭಾಷೆ ತಮಿಳಲ್ಲದೆ ಮತ್ತಾವುದು? ಕನ್ನಡನಾಡಿನ ಪಂಡಿತರು ತೋರಿಸಿದ ಕಲ್ಲನ್ನು ತಮಿಳುನಾಡಿನ ಪಂಡಿತರು ಓದಿದರು. ಆಗ ಯಾರ ಅಭಿಮಾನಕ್ಕೂ ಭಂಗ ಬರಲಿಲ್ಲ.

ಆದರೂ ಓದು ಪೂರ್ಣವಾಗಲಿಲ್ಲ. ಅದನ್ನು ಪೂರ್ಣಗೊಳಿಸಿದವರು ಐರಾವತಂ ಮಹಾದೇವನ್ ಅವರು. ಇವರು ಸರಕಾರದ ಉನ್ನತಾಧಿಕಾರಿಗಳಾಗಿದ್ದು, ಬಳಿಕ 1987ರಿಂದ 1991ರವರೆಗೆ ‘ದಿನಮಣಿ’ ಎಂಬ ತಮಿಳು ದಿನಪತ್ರಿಕೆಯ ಸಂಪಾದಕರಾಗಿದ್ದರು; ಆದುದರಿಂದ ನಮ್ಮ ವೃತ್ತಿಬಾಂಧವರೆಂದು ಹೇಳಿಕೊಳ್ಳಲು ನಮಗೆ ಹೆಮ್ಮೆ. ಬಿಡುವಿನ ದಿನಗಳಲ್ಲಿ ಗವಿಯಿಂದ ಗವಿಗೆ ಹತ್ತಿ ಇಳಿದು ಇವರು ಅಕ್ಷರಗಳನ್ನು ಪರೀಕ್ಷಿಸಿದರು. ಹಳೆಯ ತಮಿಳರು ಬ್ರಾಹ್ಮಿಯನ್ನು ಬರೆದ ಕ್ರಮವೇ ಬೇರೆಯೆಂದು ಇವರು ವಿವರಿಸಿದರು. ಪ್ರಾಕೃತದಲ್ಲಿ ಕ ಎಂದು ಬರೆದರೆ ಅದರೊಳಗೆ ಅಕಾರ ಸೇರಿಯೇ ಇರುತ್ತದೆ. ಮಾಂಗುಳದಲ್ಲಿ ಬರಿಯ ವ್ಯಂಜನದ ಗೆರೆ ಸ್ವರವಿಲ್ಲದ ವ್ಯಂಜನವನ್ನು ಸೂಚಿಸುತ್ತದೆ. ಅಕಾರ ಬೇಕಾದರೆ ಅದಕ್ಕೆ ದೀರ್ಘದ ಗುರುತನ್ನು ಹಚ್ಚುತ್ತಾರೆ. ನಾವು ಮಗ ಎಂಬುದನ್ನು ಮಾಗಾ ಎಂದು ಬರೆದಂತೆ. ಈ ಕೀಲಿಕೈ ಸಿಕ್ಕಿದ ಮೇಲೆ ಬಾಗಿಲು ತೆರೆಯಿತು. 1965ರಲ್ಲಿ ಮಾಂಗುಳದ ಬರೆಹದಲ್ಲಿ ನೆಡುಂಜೆೞಿಯನ್ ಎಂಬ ಪಾಂಡ್ಯರಾಜನ ಹೆಸರನ್ನು ಅವರು ಓದಿದರು. ಕಣಿ ನಂದನೆಂಬ ಮುನಿಗೆ ಆಶ್ರಯ ಮಾಡಿಕೊಟ್ಟ ಸಂಗತಿ ಅಲ್ಲಿದೆ; ಕಾಲ ಕ್ರಿಸ್ತಪೂರ್ವ ಎರಡನೆಯ ಶತಮಾನವೆಂದು ಅವರ ನಿರ್ಣಯ. ಅವರ ಮಹಾಗ್ರಂಥವು 2003ರಲ್ಲಿ ಪ್ರಕಟವಾಯಿತು. 2018ರಲ್ಲಿ ಅವರು ತೀರಿಕೊಂಡರು.

ಇದೇ ಲಿಪಿಯಲ್ಲಿ ತಮಿಳು ಹೆಸರುಗಳನ್ನು ಗೀಚಿದ ಮಡಕೆಯ ಚೂರುಗಳು ಈಜಿಪ್ಟ್ ದೇಶದ ಕೆಂಪು ಸಮುದ್ರದ ರೇವುಗಳಲ್ಲಿಯೂ, ಅಕ್ಕಸಾಲಿಗನೊಬ್ಬನ ಒರೆಗಲ್ಲು ಥಾಯ್ಲೆಂಡಿನಲ್ಲಿಯೂ ದೊರೆತಿವೆ. ವೈಗೈ ನದಿಯ ಬಳಿಯ ಕೀೞಡಿಯಲ್ಲಿ ನಡೆದ ಉತ್ಖನನದ ಮಾದರಿಯೊಂದು ಕ್ರಿಸ್ತಪೂರ್ವ ಆರನೆಯ ಶತಮಾನದ್ದೆಂದು ತಮಿಳುನಾಡಿನ ಪುರಾತತ್ತ್ವ ಇಲಾಖೆಯು 2019ರಲ್ಲಿ ಪ್ರಕಟಿಸಿತು. ಅಲ್ಲಿ ದೊರೆತ ಬರೆಹಗಳಿಗೂ ಅಷ್ಟೇ ವಯಸ್ಸಾಯಿತೆಂದು ಹೇಳಬಹುದೆ ಎಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಅದು ಹೇಗೇ ಇರಲಿ, ನಮಗೆ ದೊರೆತಿರುವ ಹಲ್ಮಿಡಿಯ ಶಾಸನಕ್ಕಿಂತ ತಮಿಳಿನ ಬರೆಹವು ಹಲವು ಶತಮಾನಗಳಷ್ಟು ಹಳೆಯದೆಂಬುದು ನಿಸ್ಸಂದೇಹ. ಇದನ್ನು ಒಪ್ಪಲು ಕನ್ನಡಿಗನಿಗೆ ಸಂಕೋಚವೇಕೆ? ಮೊದಲು ಬರೆದವನು ಮೊದಲು ಹುಟ್ಟಿದವನೆಂದಾಗಲಿ, ಆಮೇಲೆ ಬರೆದವನನ್ನು ಹೆತ್ತವನೆಂದಾಗಲಿ ಯಾವ ನ್ಯಾಯವೂ ಹೇಳುವುದಿಲ್ಲ. ನಿಜವನ್ನು ನಿಜವೆಂದು ಒಪ್ಪಿಕೊಂಡವನ ಮಾತಿಗೆ, ಸುಳ್ಳನ್ನು ಸುಳ್ಳೆಂದು ಹೇಳುವಾಗ ತೂಕವಿರುತ್ತದೆ.

ಪ್ರಾಚೀನತೆಗಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಹಿಡಿದಿರುವುದು ಆ ಲಿಪಿಯ ಒಂದು ಚುಕ್ಕಿ. ಹಳೆಯ ಬರೆಹದ ಕ್ರಮದಲ್ಲಿ ಎಲ್ಲಿ ಸ್ವರವಿದೆ, ಎಲ್ಲಿ ಇಲ್ಲ ಎಂಬ ಸಂಶಯ ಉಳಿಯುತ್ತಿದ್ದುದರಿಂದ ಸ್ವರವಿಲ್ಲದ ವ್ಯಂಜನದ ತಲೆಯ ಮೇಲೆ ಒಂದು ಚುಕ್ಕಿಯನ್ನಿಡುವ ಪದ್ಧತಿಯು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಕಾಣಿಸಿಕೊಂಡಿತು. ಇದರ ಹೆಸರು ಪುಳ್ಳಿ. ಒಂದು ಮಗ್ಗುಲಲ್ಲಿ ಪ್ರಾಕೃತವೂ ಇನ್ನೊಂದು ಮಗ್ಗುಲಲ್ಲಿ ತಮಿಳೂ ಇರುವ ಸಾತವಾಹನರ ಬೆಳ್ಳಿಯ ನಾಣ್ಯಗಳ ಮೇಲೆಯೂ ಈ ಚುಕ್ಕಿಯುಂಟು. ತಮಿಳಿನ ಆದಿವ್ಯಾಕರಣವಾದ ತೊಲ್ಕಾಪ್ಪಿಯವು ವ್ಯಂಜನಕ್ಕೆ ಪುಳ್ಳಿಯನ್ನಿಡತಕ್ಕದ್ದೆಂದೂ, ಹ್ರಸ್ವವಾದ ಎಕಾರ ಒಕಾರಗಳಿಗೂ ಪುಳ್ಳಿಯನ್ನಿಡತಕ್ಕದ್ದೆಂದೂ ವಿಧಿಸಿದೆ. ಉತ್ತರದ ಬ್ರಾಹ್ಮಿಯಲ್ಲಿ ಹ್ರಸ್ವ ಎ, ಒ ಇರಲಿಲ್ಲ. ನಮ್ಮ ದಕ್ಷಿಣದ ಭಾಷೆಗಳಲ್ಲಾದರೋ ಅವಿಲ್ಲದೆ ನಡೆಯದು. ಕೆರೆಗೂ ಕೇರಿಗೂ ಭೇದ ತಿಳಿಯಬೇಡವೆ? ಆದರೂ ನಮ್ಮ ಹಳಗನ್ನಡದ ಶಾಸನಗಳಲ್ಲಿ ಈ ಹ್ರಸ್ವದೀರ್ಘಗಳಿಗೆ ಬೇರೆ ಬೇರೆ ಗುರುತಿರಲಿಲ್ಲ. ತಮಿಳರು ಆ ಭೇದವನ್ನು ಒಂದು ಚುಕ್ಕಿಯಿಂದ ತೋರಿಸಲು ಅಷ್ಟು ಹಿಂದೆಯೇ ನಿಶ್ಚಯಿಸಿದರು.

ಮುಂದೆ ತಮಿಳಿನ ಲಿಪಿ ಒಂದೇ ದಾರಿಯಲ್ಲಿ ನಡೆಯಲಿಲ್ಲ. ಪಾಂಡ್ಯದೇಶದಲ್ಲಿಯೂ ಕೇರಳದಲ್ಲಿಯೂ ವಟ್ಟೆೞುತ್ತು ಎಂಬ ದುಂಡನೆಯ ಲಿಪಿ ಬೆಳೆಯಿತು. ನಮ್ಮ ಗಡಿಗೆ ಹತ್ತಿರದ ಧರ್ಮಪುರಿ, ಚೆಂಗಂ ಕಡೆಯ ವೀರಗಲ್ಲುಗಳ ಮೇಲೆ ಅದೇ ಲಿಪಿಯಿದೆ. 849ರ ಕೊಲ್ಲಂ ತಾಮ್ರಶಾಸನವೂ ಅದರಲ್ಲಿಯೇ ಇದೆ. ಕಂಚಿಯ ಪಲ್ಲವರ ಸೀಮೆಯಲ್ಲಿ ಬೆಳೆದುದು ಇಂದಿನ ತಮಿಳು ಲಿಪಿಯ ಪೂರ್ವಜ. ಚೋಳರ ಖಡ್ಗದ ಹಿಂದೆ ಅದು ಪಾಂಡ್ಯದೇಶವನ್ನು ಹೊಕ್ಕು ವಟ್ಟೆೞುತ್ತನ್ನು ಹಿಂದಕ್ಕೆ ತಳ್ಳಿತು. ಸಂಸ್ಕೃತವನ್ನು ಬರೆಯಲು ಗ್ರಂಥಲಿಪಿ ಬೇರೆ ಇದ್ದಿತು; ಮಲಯಾಳದ ಇಂದಿನ ಲಿಪಿ ಅದರ ಸಂತಾನ. ಕಾಯಲ್‌ಪಟ್ಟಣ, ಕೀೞಕ್ಕರೆಗಳ ಮುಸಲ್ಮಾನರು ತಮಿಳನ್ನು ಅರಬ್ಬೀ ಅಕ್ಷರಗಳಲ್ಲಿ ಬರೆದರು. ಅದಕ್ಕೆ ಅರ್ವಿ ಎಂದು ಹೆಸರು. 1554ರಲ್ಲಿ ಲಿಸ್ಬನ್ ನಗರದಲ್ಲಿ ತಮಿಳು ಪುಸ್ತಕವೊಂದು ರೋಮನ್ ಅಕ್ಷರಗಳಲ್ಲಿ ಅಚ್ಚಾಯಿತು. ಇಷ್ಟು ಲಿಪಿಗಳನ್ನು ಉಟ್ಟು ಬಿಟ್ಟರೂ ಆ ಭಾಷೆಯು ತಾನೇ ಆಗಿ ಉಳಿಯಿತು. ಲಿಪಿಯೇ ಭಾಷೆಯೆಂದು ತಿಳಿದು ಗಾಬರಿಗೊಳ್ಳುವವರು ಇದನ್ನು ಗಮನಿಸಬೇಕು. ಹಲವು ಲಿಪಿಗಳಲ್ಲಿ ಬಾಳುತ್ತಿರುವ ಕೊಂಕಣಿಯನ್ನು ನಮ್ಮ ಕರಾವಳಿಯಲ್ಲಿಯೇ ನೋಡಬಹುದು.

ತಮಿಳಿಗೆ ನಿಜವಾದ ಅಪಾಯ ಬಂದುದು ಪರಲಿಪಿಯಿಂದಲ್ಲ, ಓಲೆಗರಿಯಲ್ಲಿ ಚುಕ್ಕಿ ಬಿಟ್ಟುಹೋದುದರಿಂದ. ಕಬ್ಬಿಣದ ಕಂಠದಿಂದ ಒಣಗಿದ ಗರಿಯ ಮೇಲೆ ಚುಕ್ಕಿಯನ್ನೊತ್ತಿದರೆ ಗರಿ ತೂತಾಗಿ ಸೀಳುತ್ತದೆ. ಆದುದರಿಂದ ಲಿಪಿಕಾರರು ಚುಕ್ಕಿಯನ್ನು ಕೈಬಿಟ್ಟರು. ಇದರ ಪರಿಣಾಮವನ್ನು ನೋಡಿರಿ. ತಮಿಳಿನಲ್ಲಿ ಕೊ ಎಂದು ಬರೆಯಬೇಕಾದರೆ ಕಕಾರದ ಎಡಕ್ಕೆ ಎತ್ವದ ಗುರುತನ್ನೂ, ಬಲಕ್ಕೆ ದೀರ್ಘದ ಕಂಬವನ್ನೂ ಇಡುತ್ತಾರೆ. ಓಲೆಗಳಲ್ಲಿ ಈ ದೀರ್ಘದ ಕಂಬವೂ ರಕಾರವೂ ಒಂದೇ ರೂಪ. ಎಕಾರದಲ್ಲಿ ಹ್ರಸ್ವದೀರ್ಘಗಳ ಭೇದವಿಲ್ಲ; ಸ್ವರವಿಲ್ಲದ ವ್ಯಂಜನಕ್ಕೆ ಚುಕ್ಕಿಯಿಲ್ಲ. ಹೀಗಾಗಿ ಆ ಒಂದು ರೂಪವನ್ನು ಕೊ ಎಂದು ಓದಬಹುದು, ಕೋ ಎಂದು ಓದಬಹುದು. ಕೆರ, ಕೇರ, ಕೆರ್, ಕೇರ್ ಎಂದೂ ಓದಬಹುದು. ಮೂರು ಗೆರೆಗಳಿಗೆ ಆರು ಓದುಗಳು! ಶಬ್ದಗಳ ನಡುವೆ ತೆರಪಿಲ್ಲ, ವಾಕ್ಯದ ಕೊನೆಗೆ ಗುರುತಿಲ್ಲ. ಕಾವ್ಯವನ್ನು ಗುರುಮುಖದಿಂದ ಬಾಯಿಪಾಠ ಮಾಡಿದವರಿರುವವರೆಗೆ ಇದು ಹೇಗೋ ನಡೆಯಿತು. ಆ ಪರಂಪರೆ ಕಡಿದ ಕಾವ್ಯಗಳು ಓಲೆಯಲ್ಲಿದ್ದೂ ಇಲ್ಲದಂತಾದವು.

ಈ ಸ್ಥಿತಿಯಲ್ಲಿ 1880ರಲ್ಲಿ ಕುಂಭಕೋಣದ ಕಾಲೇಜಿನ ತರುಣ ಪಂಡಿತರಾಗಿದ್ದ ಉ. ವೇ. ಸ್ವಾಮಿನಾಥ ಅಯ್ಯರ್ ಅವರನ್ನು ಸೇಲಂ ರಾಮಸ್ವಾಮಿ ಮುದಲಿಯಾರರೆಂಬ ನ್ಯಾಯಾಧಿಕಾರಿಗಳು ಕೇಳಿದರು: ತಾವು ಯಾವ ಯಾವ ಕಾವ್ಯಗಳನ್ನು ಓದಿದ್ದೀರಿ? ಅಯ್ಯರ್ ಅವರು ಉದ್ದವಾದ ಪಟ್ಟಿಯನ್ನು ಹೇಳಿದರು. ಇವೆಲ್ಲ ಇರಲಿ, ಜೀವಕ ಚಿಂತಾಮಣಿಯನ್ನು ಓದಿದ್ದೀರಾ, ಹಳೆಯ ಗ್ರಂಥಗಳನ್ನು ಓದಿದ್ದೀರಾ ಎಂದು ಮರುಪ್ರಶ್ನೆ ಬಂದಿತು. ಅವರು ಓದಿರಲಿಲ್ಲ, ಅವರ ಗುರುಗಳೂ ಪಾಠ ಹೇಳಿರಲಿಲ್ಲ. ಆ ಲಜ್ಜೆಯು ಅವರ ಜೀವನದ ದಾರಿಯನ್ನೇ ತಿರುಗಿಸಿತು. ಶೈವ ಮಠದಲ್ಲಿ ಬೆಳೆದ ಆ ಬ್ರಾಹ್ಮಣ ಪಂಡಿತರು ಕುಂಭಕೋಣದ ಜೈನ ಗೃಹಸ್ಥರ ಮನೆಗಳಿಗೆ ಹೋಗಿ ಕುಳಿತು, ಆ ಜೈನಕಾವ್ಯದ ಮತವಿಚಾರಗಳನ್ನು ಕೇಳಿ ತಿಳಿದುಕೊಂಡರು. ಊರೂರು ಅಲೆದು ಓಲೆಗಳನ್ನು ಕೂಡಿಸಿದರು. ಎಷ್ಟೋ ಮನೆಗಳಲ್ಲಿ ಓಲೆಯ ಕಟ್ಟುಗಳನ್ನು ಗೆದ್ದಲು ತಿಂದಿತ್ತು. ಎಷ್ಟೋ ಮನೆಯವರು ಆಡಿ ತಿಂಗಳ ಹದಿನೆಂಟರಂದು ಅವನ್ನು ಹೊಳೆಗೆ ಬಿಟ್ಟಿದ್ದರು. ಉಳಿದ ಪ್ರತಿಗಳನ್ನು ಒಂದರೊಡನೊಂದು ಹೋಲಿಸಿ, ಎಲ್ಲಿ ಚುಕ್ಕಿ ಬೇಕು, ಎಲ್ಲಿ ಬೇಡ, ಎಲ್ಲಿ ಹ್ರಸ್ವ, ಎಲ್ಲಿ ದೀರ್ಘ ಎಂದು ಅಕ್ಷರಕ್ಕೆ ಅಕ್ಷರವನ್ನು ನಿರ್ಣಯಿಸಿದರು. 1887ರಲ್ಲಿ ಜೀವಕ ಚಿಂತಾಮಣಿ, 1889ರಲ್ಲಿ ಪತ್ತುಪ್ಪಾಟ್ಟು, 1892ರಲ್ಲಿ ಶಿಲಪ್ಪದಿಕಾರಂ, 1894ರಲ್ಲಿ ಪುಱನಾನೂಱು, 1898ರಲ್ಲಿ ಮಣಿಮೇಖಲೈ ಅಚ್ಚಿನ ಮೊಗವನ್ನು ಕಂಡವು. ಇಂದು ತಮಿಳರು ತಮ್ಮ ಪ್ರಾಚೀನ ಸಾಹಿತ್ಯವೆಂದು ಜಗತ್ತಿಗೆ ತೋರಿಸುವ ಸಂಪತ್ತಿನ ಬಹುಭಾಗವು ಇಂತಹ ದುಡಿಮೆಯಿಂದ ದೊರೆತುದು. ಸಭೆಗಳಲ್ಲಿ ಜಯಘೋಷ ಮಾಡಿದವರಿಂದ ದೊರೆತುದಲ್ಲ. ಓಲೆಯ ಮೇಲೆ ಕಣ್ಣನ್ನು ಸವೆಸಿ ಚುಕ್ಕಿಯನ್ನು ಅದರ ಸ್ಥಾನದಲ್ಲಿಟ್ಟವರಿಂದ ದೊರೆತುದು.

ಅಚ್ಚಿನ ಚರಿತ್ರೆಯೂ ಸ್ವಾರಸ್ಯವುಳ್ಳದ್ದು. 1578ರಲ್ಲಿ ಕೊಲ್ಲಂನಲ್ಲಿ ‘ತಂಬಿರಾನ್ ವಣಕ್ಕಂ’ ಎಂಬ ಹದಿನಾರು ಪುಟಗಳ ಕ್ರೈಸ್ತಪುಸ್ತಕವು ತಮಿಳು ಮೊಳೆಗಳಿಂದ ಮುದ್ರಿತವಾಯಿತು. ಭಾರತದ ಭಾಷೆಯೊಂದು ತನ್ನದೇ ಅಕ್ಷರಗಳಲ್ಲಿ ಈ ದೇಶದಲ್ಲಿ ಅಚ್ಚಾದುದಕ್ಕೆ ಉಳಿದಿರುವ ಮೊದಲ ಸಾಕ್ಷಿಗಳಲ್ಲಿ ಅದೊಂದು. ಸೀಸಕ್ಕೆ ಚುಕ್ಕಿಯ ಭಯವಿಲ್ಲ. ಅಚ್ಚಿನ ಯುಗದಲ್ಲಿ ಪುಳ್ಳಿಯು ಮತ್ತೆ ತನ್ನ ಪೀಠವನ್ನೇರಿತು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಇಟಲಿಯಿಂದ ಬಂದು ವೀರಮಾಮುನಿವರೆಂದು ಹೆಸರು ಪಡೆದ ಬೆಸ್ಕಿ ಪಾದ್ರಿಯು ದೀರ್ಘವಾದ ಏಕಾರ ಓಕಾರಗಳಿಗೆ ಬೇರೆ ರೂಪಗಳನ್ನು ಕಲ್ಪಿಸಿದನೆಂದು ತಮಿಳರು ಕೃತಜ್ಞತೆಯಿಂದ ನೆನೆಯುತ್ತಾರೆ. ಪರದೇಶದವನೂ ಪರಮತದವನೂ ಆದವನು ಮಾಡಿದ ಒಂದು ತಿದ್ದುಪಡಿಯು ಓದುಗನಿಗೆ ಉಪಕಾರಕವೆಂದು ಕಂಡಾಗ ಆ ಜನರು ಅದನ್ನು ತಮ್ಮದಾಗಿ ಮಾಡಿಕೊಂಡರು.

ನಮ್ಮ ಸೇಲಂ ವೃದ್ಧರು ಅಂದು ಒಂದು ಅಕ್ಷರವನ್ನು ಎರಡು ರೀತಿಯಲ್ಲಿ ಬರೆದು ತೋರಿಸಿ, ಇದು ನಾವು ಹುಡುಗರಾಗಿದ್ದಾಗಿನದು, ಇದು ಈಗಿನದು ಎಂದರು. ಮೊದಲನೆಯದಕ್ಕೆ ಆನೆಯ ಸೊಂಡಿಲಿನಂತೆ ಮೇಲಕ್ಕೆ ಬಾಗಿದ ಒಂದು ಸುಳಿಯಿತ್ತು. ಲೈ, ಳೈ, ಣೈ, ನೈ ಎಂಬ ನಾಲ್ಕು ಅಕ್ಷರಗಳಿಗೆ ಮಾತ್ರ ಈ ಸೊಂಡಿಲು. ಉಳಿದವುಗಳಿಗೆಲ್ಲ ಐತ್ವದ ಸಾಮಾನ್ಯ ಗುರುತು. ಹಾಗೆಯೇ ಣಾ, ಱಾ, ನಾ ಎಂಬವುಗಳಿಗೂ ಅವುಗಳ ಒತ್ವ ಓತ್ವಗಳಿಗೂ ನಿಯಮವಿಲ್ಲದ ರೂಪಗಳಿದ್ದವು. ಮೊಳೆ ಜೋಡಿಸುವವನಿಗೆ ಹದಿಮೂರು ಮನೆಗಳು ಹೆಚ್ಚು. ಕಲಿಯುವ ಮಗುವಿಗೆ ಹದಿಮೂರು ಕಣ್ಣೀರುಗಳು ಹೆಚ್ಚು. ಈರೋಡಿನ ಇ. ವೆ. ರಾಮಸ್ವಾಮಿಯವರು 1935ರಲ್ಲಿ ತಮ್ಮ ‘ಕುಡಿ ಅರಸು’ ಪತ್ರಿಕೆಯಲ್ಲಿ ಈ ವಕ್ರರೂಪಗಳನ್ನು ತೆಗೆದುಹಾಕಿ ಸರಳರೂಪಗಳಲ್ಲಿ ಅಚ್ಚುಹಾಕತೊಡಗಿದರು. ಅವರ ಇತರ ಮತಗಳನ್ನು ಒಪ್ಪುವವರೂ ಒಪ್ಪದವರೂ ಉಂಟು. ಆ ಚರ್ಚೆ ಇಲ್ಲಿ ಅಪ್ರಸ್ತುತ. ಅವರು ತಮ್ಮನ್ನು ಕನ್ನಡಿಗನೆಂದು ಹೇಳಿಕೊಂಡಿದ್ದರೆಂಬುದನ್ನು ಮಾತ್ರ ವಾಚಕರು ನೆನಪಿನಲ್ಲಿಡಲಿ. 1978ರಲ್ಲಿ ಎಂ. ಜಿ. ರಾಮಚಂದ್ರನ್ ಅವರ ಸರಕಾರವು ಆ ಹದಿಮೂರು ಅಕ್ಷರಗಳ ತಿದ್ದುಪಡಿಯನ್ನು ಆಜ್ಞೆಯ ಮೂಲಕ ಜಾರಿಗೆ ತಂದಿತು; ಸಿಂಗಪುರವೂ ಮಲೇಶಿಯವೂ ತರುವಾಯ ಅನುಸರಿಸಿದವು. ಪತ್ರಿಕೆಯೊಂದು ತನ್ನ ಮೊಳೆಪೆಟ್ಟಿಗೆಯಲ್ಲಿ ಮಾಡಿದ ಸುಧಾರಣೆ ನಾಲ್ವತ್ತಮೂರು ವರ್ಷಗಳ ಬಳಿಕ ರಾಜ್ಯದ ನಿಯಮವಾಯಿತು. ಸೊಂಡಿಲು ಹೋದುದರಿಂದ ತಮಿಳೇನೂ ಕುಗ್ಗಲಿಲ್ಲ.

ಗಣಕಯಂತ್ರದ ಕಾಲದಲ್ಲಿಯೂ ಅಕ್ಷರದ ಚರ್ಚೆ ನಿಂತಿಲ್ಲ. 1991ರಲ್ಲಿ ಯೂನಿಕೋಡ್ ಎಂಬ ಜಾಗತಿ ಸಂಕೇತಮಾಲೆಯಲ್ಲಿ ತಮಿಳಿಗೂ ಕನ್ನಡಕ್ಕೂ ಸ್ಥಾನ ದೊರೆಯಿತು. 2010ರಲ್ಲಿ ಗ್ರಂಥಲಿಪಿಯನ್ನು ಅದರಲ್ಲಿ ಸೇರಿಸುವ ಸಲಹೆ ಬಂದಾಗ, ತಮಿಳಿನ ವಿಶಿಷ್ಟಾಕ್ಷರಗಳನ್ನು ಅದರೊಡನೆ ಬೆರೆಸಬಾರದೆಂದು ತಮಿಳುನಾಡಿನಲ್ಲಿ ಪ್ರಬಲವಾದ ಆಕ್ಷೇಪಣೆಯೆದ್ದಿತು. ವಿದ್ವಾಂಸರು ಕುಳಿತು ವಿಚಾರಮಾಡಿ, 2014ರಲ್ಲಿ ಗ್ರಂಥಲಿಪಿಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟು ಆ ಜಗಳವನ್ನು ಮುಗಿಸಿದರು.

ಈಗ ನಮ್ಮ ನಾಡಿಗೆ ಬರೋಣ. ಭಾರತದ ಶಾಸನಶಾಸ್ತ್ರ ಶಾಖೆಯು 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದಿತು. ಅದರೊಡನೆ, ಹಲವು ದಶಕಗಳಿಂದ ಕಲ್ಲುಗಳ ಮೇಲೆ ಕಾಗದವನ್ನೊತ್ತಿ ತೆಗೆದ ಸಾವಿರಾರು ತಮಿಳು ಶಾಸನಗಳ ಮಸಿಪಡಿಯಚ್ಚುಗಳೂ ಬಂದವು. ಅವು ಹಾಳಾಗುತ್ತಿವೆ, ತಮಿಳುನಾಡಿಗೆ ಕೊಡಬೇಕೆಂದು ಅಲ್ಲಿಯವರು ನ್ಯಾಯಾಲಯಕ್ಕೆ ಹೋದರು. 2021ರಲ್ಲಿ ಮದರಾಸಿನ ಉಚ್ಚನ್ಯಾಯಾಲಯವು ಅವುಗಳನ್ನು ಚೆನ್ನೈಗೆ ಸಾಗಿಸಲು ಆಜ್ಞೆಮಾಡಿತು. ಆಗ ನಮ್ಮಲ್ಲಿ ಕೆಲವರು ಇದನ್ನು ಮೈಸೂರಿಗಾದ ನಷ್ಟವೆಂದು ಮರುಗಿದರು. ನಾವು ಮರುಗುವುದು ಬೇರೊಂದು ಕಾರಣಕ್ಕೆ. ಆ ಕಾಗದಗಳು ಇಷ್ಟು ವರ್ಷ ನಮ್ಮ ಊರಿನಲ್ಲಿದ್ದಾಗ ಅವುಗಳನ್ನು ಓದಲು ಕಲಿತ ಕನ್ನಡಿಗರು ಎಷ್ಟು ಮಂದಿ? ಮಸಿಯಚ್ಚು ಯಾವ ಊರಿನ ಬೀರುವಿನಲ್ಲಿದ್ದರೂ ಓದುವವನಿಲ್ಲದಿದ್ದರೆ ಗೆದ್ದಲಿಗೆ ಆಹಾರವೇ.

ಕಾಗದ ಹೋದರೂ ಕಲ್ಲುಗಳು ನಮ್ಮಲ್ಲಿಯೇ ಇವೆ. ಕೋಲಾರದ ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ರೈಸ್ ಸಾಹೇಬನು 1905ರ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ ಆ ಸೀಮೆಯ ತಮಿಳು ಶಾಸನಗಳನ್ನು ಪ್ರಕಟಿಸಿರುತ್ತಾನೆ. ನಮ್ಮ ಪೂರ್ವಸೀಮೆಯ ಕೆರೆಗಳ, ಗುಡಿಗಳ, ಹಳ್ಳಿಗಳ ಚರಿತ್ರೆಯ ಒಂದು ಅಧ್ಯಾಯವು ಆ ಅಕ್ಷರಗಳಲ್ಲಿದೆ. ಅದನ್ನು ಪರರ ಅಕ್ಷರವೆಂದು ಬಿಟ್ಟರೆ ನಷ್ಟ ಯಾರಿಗೆ? ಪ್ರತಿದಿನ ದೇವಿಗೆ ಕೈಮುಗಿದು ಆ ಗೋಡೆಯನ್ನು ಬಳಸಿಹೋಗುವ ನಮ್ಮ ಮಕ್ಕಳಿಗೇ.

ನಮ್ಮ ಸೂಚನೆ ಇಷ್ಟೆ. ಕೋಲಾರ, ಬೆಂಗಳೂರು, ಚಾಮರಾಜನಗರ ಸೀಮೆಗಳ ಪ್ರೌಢಶಾಲೆಗಳಲ್ಲಿ ಇಷ್ಟವಿದ್ದ ವಿದ್ಯಾರ್ಥಿಗಳಿಗೆ ಬೇಸಗೆಯ ರಜೆಯಲ್ಲಿ ತಮಿಳು ಲಿಪಿಯನ್ನು ಕಲಿಸುವ ಏರ್ಪಾಡಾಗಲಿ. ಗಡಿಯಾಚೆಯ ಹೊಸೂರು, ತಾಳವಾಡಿಗಳ ಕಡೆಯಲ್ಲಿ ಅದೇ ರೀತಿ ಕನ್ನಡ ಲಿಪಿಯನ್ನು ಕಲಿಸಲೆಂದು ನಾವು ಕೇಳಿಕೊಳ್ಳೋಣ. ಇದಕ್ಕೆ ಆಯೋಗ ಬೇಡ, ಅನುದಾನ ಬೇಡ. ಬಲ್ಲ ಉಪಾಧ್ಯಾಯರೊಬ್ಬರು, ಕಪ್ಪುಹಲಗೆಯೊಂದು ಸಾಕು. ಗುಣಿತವನ್ನು ಬಲ್ಲ ಕನ್ನಡದ ಮಗುವಿಗೆ 247 ಅಕ್ಷರಗಳೆಂಬ ಲೆಕ್ಕವು ಹೆದರಿಸಲಾರದು; ನಿಜವಾಗಿ ಕಲಿಯಬೇಕಾದುದು ಮೂವತ್ತೊಂದು ಮೂಲಾಕ್ಷರಗಳು, ಕೆಲವು ಸ್ವರಚಿಹ್ನೆಗಳು, ಒಂದು ಚುಕ್ಕಿ.

ಮಹಾತ್ಮರು ದಕ್ಷಿಣ ಆಫ್ರಿಕದಲ್ಲಿ ತಮ್ಮೊಡನೆ ಸೆರೆಮನೆಗೆ ನಡೆದ ತಮಿಳು ಕೂಲಿಕಾರರ ಋಣವನ್ನು ನೆನೆದು ತಮಿಳು ಕಲಿಯಲು ತೊಡಗಿದರು. ತಮ್ಮ ಹೆಸರನ್ನು ತಮಿಳಿನಲ್ಲಿ ಸಹಿಮಾಡಿದುದೂ ಉಂಟು. ಗುಜರಾತಿನವರಾದ ಅವರಿಗೆ ಅದು ದೂರದ ಭಾಷೆ. ನಮಗಾದರೋ ಬೇಲಿಯಾಚೆಯದು. ನಮ್ಮ ಸೇಲಂ ವೃದ್ಧರು ತೀರಿಕೊಂಡು ಹತ್ತು ವರ್ಷಗಳಾದವು. ಅವರು ಬರೆದುಕೊಟ್ಟ ಕರಡು ಕಾಗದಗಳು ನಮ್ಮ ಮೇಜಿನ ಸೆಳೆಖಾನೆಯಲ್ಲಿ ಇನ್ನೂ ಇವೆ. ಕಲಿಯಬಯಸುವ ಯಾವ ವಾಚಕರೇ ಆಗಲಿ ಕಾರ್ಯಾಲಯಕ್ಕೆ ಬಂದರೆ ಅವುಗಳ ಪ್ರತಿಯನ್ನು ಮಾಡಿಕೊಡಲು ನಾವು ಸಿದ್ಧರಿದ್ದೇವೆ.